ಗ್ರಂಥ ಬರೆದು ಬದುಕಿದವರು

ಕುದುರೆ ಪಂದ್ಯದ ಮೈದಾನದಲ್ಲಿ ಜನರ ಪಣವನ್ನು ಬರೆದುಕೊಂಡು, ಗೆದ್ದವರಿಗೆ ಹಣ ತೆತ್ತು, ಸೋತವರ ಹಣವನ್ನು ಚೀಲಕ್ಕೆ ಹಾಕಿಕೊಳ್ಳುವವನಿಗೆ ಇಂಗ್ಲಿಷಿನಲ್ಲಿ ಬುಕ್‌ಮೇಕರ್ ಎಂಬ ಹೆಸರು ಉಂಟು. ಕನ್ನಡದಲ್ಲಿ ಬಿಡಿಸಿ ಹೇಳಿದರೆ ಪುಸ್ತಕ ಮಾಡುವವನು ಎಂದಾಯಿತು. ಅವನು ಮಾಡುವ ಪುಸ್ತಕವನ್ನು ಓದುವವರು ಯಾರೂ ಇಲ್ಲ. ಯಾವ ಕುದುರೆ ಮುಂದೆ ಬಂದರೂ ತನಗೆ ನಷ್ಟವಾಗದಂತೆ ಲೆಕ್ಕವನ್ನು ಹೊಂದಿಸಿಕೊಳ್ಳುವುದರಲ್ಲಿಯೇ ಅವನ ಜಾಣ್ಮೆ ಅಡಗಿದೆ. ಸಂಜೆಯ ಹೊತ್ತಿಗೆ ಲೆಕ್ಕ ತೀರಿತು, ಪುಸ್ತಕದ ಆಯುಷ್ಯವೂ ತೀರಿತು.

ಈ ಹೆಸರನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ಇನ್ನೊಂದು ಬಗೆಯ ಪುಸ್ತಕ ಮಾಡುವವರ ಕಡೆಗೆ ಹೋಗುತ್ತದೆ. ಮುದ್ರಣಯಂತ್ರ ಬರುವುದಕ್ಕೆ ಮೊದಲು, ಬಂದ ಮೇಲೆಯೂ ಬಹುಕಾಲ, ಕೈಯಿಂದ ಗ್ರಂಥಗಳ ಪ್ರತಿ ಮಾಡಿ ಹೊಟ್ಟೆ ಹೊರೆದುಕೊಂಡವರು ನಮ್ಮಲ್ಲಿ ಇದ್ದರು. ಪಂಪ ರನ್ನರ ಹೆಸರು ನಮಗೆ ಗೊತ್ತು. ಅವರಿಗೆ ಆಶ್ರಯ ಕೊಟ್ಟ ಅರಸರ ಹೆಸರೂ ಗೊತ್ತು. ಸಾವಿರ ವರ್ಷಗಳ ಕಾಲ ಅವರ ಕಾವ್ಯವನ್ನು ಒಂದು ಓಲೆಯಿಂದ ಇನ್ನೊಂದು ಓಲೆಗೆ ದಾಟಿಸಿದ ಕೈಗಳು ಯಾರವು? ಆ ವೃತ್ತಿಯ ಕಥೆಯನ್ನು, ಅದು ಕೊನೆಯ ಬಾರಿಗೆ ದೊಡ್ಡದಾಗಿ ನಡೆದ ಒಂದು ಊರಿನ ಮೂಲಕ ಹೇಳಬೇಕೆಂದು ನನ್ನ ಆಸೆ.

ಆ ಊರು ಮೂಡುಬಿದಿರೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯರು, ಟೀಪುವಿನ ಪತನಾನಂತರ ಕಂಪೆನಿ ಸರಕಾರದ ಕೈಗೆ ಬಂದ ಸೀಮೆಗಳನ್ನು ನೋಡಿ ವರದಿ ಮಾಡುವುದಕ್ಕಾಗಿ ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ವೇಣೂರುಗಳ ದಾರಿಯಾಗಿ ಮೂಡುಬಿದಿರೆಯನ್ನು ಸೇರಿದರು. ಇಂದಿಗೂ ಆ ದಾರಿಯಲ್ಲಿ ಹೋದರೆ ತುಳುನಾಡಿನ ಚರಿತ್ರೆಯ ಹಲವು ಪದರಗಳು ಒಂದರ ಹಿಂದೆ ಒಂದು ಬರುತ್ತವೆ. ಬಂಟ್ವಾಳ ನೇತ್ರಾವತಿಯ ದಡದ ಪೇಟೆ. ವೇಣೂರಿನಲ್ಲಿ 1604ರಲ್ಲಿ ತಿಮ್ಮರಾಜ ಅಜಿಲರು ನಿಲ್ಲಿಸಿದ ಗೊಮ್ಮಟ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಲು ತೊಡಗಿದ ಸಾವಿರ ಕಂಬದ ಬಸದಿ. ಭರತೇಶ ವೈಭವವನ್ನು 16ನೆಯ ಶತಮಾನದಲ್ಲಿ ಬರೆದ ರತ್ನಾಕರವರ್ಣಿ ಈ ಊರಿನವನು. ಪ್ರವಾಸಿಗಳು ಸಾವಿರ ಕಂಬದ ಬಸದಿಯನ್ನು ನೋಡಿ ಬೆರಗಾಗುತ್ತಾರೆ. ಅದಕ್ಕಿಂತ ಹಳೆಯದೆಂದು ಊರವರು ಹೇಳುವ ಗುರುಬಸದಿ ಹೊರನೋಟಕ್ಕೆ ಅಷ್ಟು ವೈಭವದ್ದಲ್ಲ. ಅದಕ್ಕೆ ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರಿದೆ. ಆ ಹೆಸರಿಗೆ ಕಾರಣವಾದ ಮೂರು ಓಲೆಗ್ರಂಥಗಳೇ ನನ್ನ ವಿಷಯದ ಕೇಂದ್ರ.

ಅಲ್ಲಿಗೆ ಹೋಗುವ ಮೊದಲು ಓಲೆಯ ಪುಸ್ತಕವೆಂದರೆ ಏನು ಎಂಬುದನ್ನು ಸ್ವಲ್ಪ ನೋಡಬೇಕು. ಕರಾವಳಿಯ ತೇವದ ನೆಲದಲ್ಲಿ ಬೆಳೆಯುವ ಶ್ರೀತಾಳೆಯ ಮರ ಹತ್ತಾರು ವರ್ಷ ಎತ್ತರಕ್ಕೆ ಬೆಳೆದು, ಬಾಳಿನಲ್ಲಿ ಒಂದೇ ಒಂದು ಸಲ ಹೂವಾಗಿ, ಕಾಯಿ ಹಣ್ಣಾದ ಮೇಲೆ ಸತ್ತುಹೋಗುತ್ತದೆ. ಅದರ ಎಳೆಯ ಗರಿಗಳನ್ನು ಕೊಯ್ದು, ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನುಣುಪು ಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸುವುದಕ್ಕೆ ತೂತು ಕೊರೆದು ಸಿದ್ಧಪಡಿಸಬೇಕು. ಕಬ್ಬಿಣದ ಕಂಟದಿಂದ ಬರೆಯುವುದು ಎಂದರೆ ನಿಜವಾಗಿ ಕೊರೆಯುವುದು. ಕೊರೆದ ಗೆರೆ ಮೊದಲು ಕಣ್ಣಿಗೆ ಕಾಣಿಸುವುದೇ ಇಲ್ಲ. ಮಸಿಯನ್ನು ಸವರಿ ಒರಸಿದ ಮೇಲೆ ಅಕ್ಷರ ಮೇಲೇಳುತ್ತದೆ. ಆದುದರಿಂದ ಬರೆಯುವವನು ತನ್ನ ಅಕ್ಷರವನ್ನು ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದಲೇ ತಿಳಿಯಬೇಕು. ತಪ್ಪಿದರೆ ಅಳಿಸುವ ಉಪಾಯವಿಲ್ಲ.

ಈ ಕೆಲಸಕ್ಕೆ ಕೂಲಿಯ ಲೆಕ್ಕವೂ ಇತ್ತು. ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥ. ಅನುಷ್ಟುಪ್ ಶ್ಲೋಕದ ಅಕ್ಷರಗಳು ಮೂವತ್ತೆರಡು; ಅದನ್ನೇ ಅಳತೆಗೋಲಾಗಿ ಮಾಡಿ ಗದ್ಯವನ್ನೂ ಪದ್ಯವನ್ನೂ ಅಳೆದರು. ಎಷ್ಟೋ ಹಸ್ತಪ್ರತಿಗಳ ಕೊನೆಯಲ್ಲಿ ಇದರ ಗ್ರಂಥಸಂಖ್ಯೆ ಇಷ್ಟು ಎಂದು ನಮೂದಿಸಿರುವುದುಂಟು. ಬರೆಸಿದವನಿಗೆ ಅದು ಕೊಡಬೇಕಾದ ಹಣದ ಲೆಕ್ಕ; ಓದುವವನಿಗೆ ನಡುವೆ ಯಾರೂ ಸೇರಿಸಿಲ್ಲ, ಕಳೆದಿಲ್ಲ ಎಂಬ ಭರವಸೆ. ಕೂಲಿಯ ಮಾನವೇ ಪಾಠದ ಕಾವಲೂ ಆಯಿತು. ಗ್ರಂಥ ಮುಗಿದ ಮೇಲೆ ಲಿಪಿಕಾರ ತನ್ನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತಿದ್ದ. ಬೆನ್ನು ಬಾಗಿತು, ಕತ್ತು ಸೋತಿತು, ಕಷ್ಟದಿಂದ ಬರೆದುದನ್ನು ಜೋಪಾನ ಮಾಡಿ ಎಂಬ ಅರ್ಥದ ಕೊನೆಮಾತುಗಳು ದೇಶದ ಎಲ್ಲ ಕಡೆಯ ಹಸ್ತಪ್ರತಿಗಳಲ್ಲಿ ಸಿಗುತ್ತವೆ. ಅವು ಸಾಮಾನ್ಯವಾಗಿ ರೂಢಿಯ ಮಾತುಗಳು. ಹಾಗೆಂದು ಅವು ಸುಳ್ಳಲ್ಲ. ರೂಢಿಯಾಗುವಷ್ಟು ನಿಜವಾಗಿದ್ದವು ಎಂದೇ ತಿಳಿಯಬೇಕು.

ಆರು ತಿಂಗಳು ಮಳೆಯ ಶೈತ್ಯ, ಉಳಿದ ತಿಂಗಳು ಹುಳುವಿನ ಕಾಟ. ಇಂಥ ಹವೆಯಲ್ಲಿ ಓಲೆಯ ಪುಸ್ತಕ ತಾನಾಗಿಯೇ ಬಹುಕಾಲ ಬದುಕುವುದಿಲ್ಲ. ಪ್ರತಿ ಸವೆಯುವ ಮೊದಲು ಇನ್ನೊಂದು ಪ್ರತಿ ಹುಟ್ಟಬೇಕು. ಹಾಗೆ ಹುಟ್ಟಿಸುವವನೇ ಲಿಪಿಕಾರ. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ದಾನ ಮಾಡಿದಳೆಂಬ ಮಾತನ್ನು ಶಾಲೆಯ ಮಕ್ಕಳೂ ಬಲ್ಲರು. ಸಾವಿರ ಪ್ರತಿಯೆಂದರೆ ಎಷ್ಟು ತಾಳೆಯ ಗರಿ, ಎಷ್ಟು ಕಂಟ, ಎಷ್ಟು ಮಂದಿ ಕುಳಿತು ಎಷ್ಟು ದಿನ ಬರೆದಿರಬೇಕು! ಒಂದು ಸಣ್ಣ ಕೈಗಾರಿಕೆಯೇ ಅಲ್ಲಿ ನಡೆದಿರಬೇಕು. ಬರೆಸಿದವಳು ಕೀರ್ತಿಗೆ ಯೋಗ್ಯಳೇ ಸರಿ. ಬರೆದವರಲ್ಲಿ ಒಬ್ಬನ ಹೆಸರನ್ನಾದರೂ ಶಾಲೆಯ ಪಾಠ ನಮಗೆ ಕಲಿಸಲಿಲ್ಲ.

ಇನ್ನು ಸಿದ್ಧಾಂತ ಬಸದಿಯ ಗ್ರಂಥಗಳು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮ ತಲೆಮಾರಿನೊಂದಿಗೆ ಆಗಮಜ್ಞಾನ ಅಳಿದುಹೋಗುವುದೆಂಬ ಅಂಜಿಕೆಯಿಂದ, ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ತಾವು ತಿಳಿದುದನ್ನು ಹೇಳಿಕೊಟ್ಟರು. ಅವರು ಅದನ್ನು ಪ್ರಾಕೃತ ಸೂತ್ರಗಳಾಗಿ ರಚಿಸಿದರು. ಇದೇ ಷಟ್ಖಂಡಾಗಮ. ಅದು ಮುಗಿದು ಪೂಜೆಗೊಂಡ ಜ್ಯೇಷ್ಠ ಶುದ್ಧ ಪಂಚಮಿಯೇ ಶ್ರುತಪಂಚಮಿ. ಪುಸ್ತಕದ ಹುಟ್ಟುಹಬ್ಬವನ್ನು ವ್ರತವಾಗಿ ಆಚರಿಸುವ ಸಂಪ್ರದಾಯ. ಈ ಸೂತ್ರಗಳಿಗೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ 816ರಲ್ಲಿ ಮುಗಿಯಿತೆಂದು ವಿದ್ವಾಂಸರ ನಿರ್ಣಯ. ಕಸಾಯಪಾಹುಡವೆಂಬ ಇನ್ನೊಂದು ಗ್ರಂಥಕ್ಕೆ ಅವರು ತೊಡಗಿದ ಜಯಧವಲಾ ಟೀಕೆಯನ್ನು ಶಿಷ್ಯರಾದ ಜಿನಸೇನರು 837ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಪೂರ್ತಿಗೊಳಿಸಿದರು. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧಕ್ಕೆ ಜನರ ಬಾಯಲ್ಲಿ ಮಹಾಧವಲ ಎಂಬ ಹೆಸರು ನಿಂತಿತು. ಧವಲಾ ಗ್ರಂಥಸಂಖ್ಯೆ 72,000, ಜಯಧವಲಾ 60,000.

ಮೂಡುಬಿದಿರೆಯ ಓಲೆಗಳು 12ನೆಯ ಶತಮಾನದ ಮೊದಲ ಭಾಗದ ಸುಮಾರಿನವು. ಹಳೆಯ ಕನ್ನಡ ಲಿಪಿ. ಕೆಲವು ಓಲೆಗಳ ಮೇಲೆ ಬಣ್ಣದ ಚಿತ್ರಗಳೂ ಉಂಟು. ಧವಲಾ ಪ್ರತಿಯೊಂದರ ಪ್ರಶಸ್ತಿಯಿಂದ, ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕ ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಅದನ್ನು ಬರೆಸಿ ಬನ್ನಿಯಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟಳೆಂದು ತಿಳಿಯುತ್ತದೆ. ಮಹಾಬಂಧವನ್ನು ಮಲ್ಲಿಕಬ್ಬೆ ಎಂಬಾಕೆ ಅಂಥದೇ ನೋಂಪಿಗಾಗಿ ಬರೆಸಿ ಮಾಘನಂದಿ ಮುನಿಗೆ ಅರ್ಪಿಸಿದಳು. ಅತ್ತಿಮಬ್ಬೆ, ದೇಮಿಯಕ್ಕ, ಮಲ್ಲಿಕಬ್ಬೆ, ಮೂವರೂ ಹೆಂಗಸರು. ಕನ್ನಡನಾಡಿನ ಪುಸ್ತಕದ ಚರಿತ್ರೆಯನ್ನು ಬರೆಯುವವರು ಈ ಒಂದು ಸಂಗತಿಯ ಮುಂದೆ ತುಸು ಹೊತ್ತು ನಿಲ್ಲಬೇಕಾಗುತ್ತದೆ.

ಘಟ್ಟದ ಮೇಲಿನ ಓಲೆಗಳು ಘಟ್ಟದ ಕೆಳಗೆ ಬಂದು ಸಿದ್ಧಾಂತ ಬಸದಿಯಲ್ಲಿ ನೆಲೆಗೊಂಡವು. ಬೇರೆ ಕಡೆಯ ಪ್ರತಿಗಳೆಲ್ಲ ಕಾಲಕ್ಕೆ ತುತ್ತಾಗಿ, ಈ ಗ್ರಂಥಗಳು ಉಳಿದ ಒಂದೇ ಊರು ಮೂಡುಬಿದಿರೆ ಎಂದಾಯಿತು. ಕ್ರಮೇಣ ಅವನ್ನು ಓದುವ ರೂಢಿ ತಪ್ಪಿ, ದರ್ಶನ ಮಾಡುವ ರೂಢಿ ಉಳಿಯಿತು. ಯಾತ್ರಿಕರು ಬಂದರೆ ರತ್ನದ ಬಿಂಬಗಳೊಂದಿಗೆ ಈ ಓಲೆಗಳನ್ನೂ ತೋರಿಸುವರು. ಅವರು ಕೈಮುಗಿದು ಕಾಣಿಕೆ ಹಾಕಿ ಹೋಗುವರು. ಹೀಗೆ ಪೂಜೆಗೊಂಡುದರಿಂದಲೇ ಅವು ಬದುಕಿದವು ಎಂಬುದನ್ನು ಮರೆಯಬಾರದು. ಓದದೆ ಪೂಜಿಸಿದರು ಎಂದು ನಗುವವರಿದ್ದಾರೆ. ಎಂಟು ನೂರು ಮಳೆಗಾಲಗಳನ್ನು ದಾಟಿಸಿ ಒಂದು ಹೊರೆ ಓಲೆಯನ್ನು ಕಾಪಾಡಿದವರ ಮುಂದೆ ಆ ನಗೆ ನನಗೆ ಸೇರುವುದಿಲ್ಲ.

1883ರಲ್ಲಿ ಮುಂಬಯಿಯ ಶೇಠ್ ಮಾಣಿಕಚಂದರು ಯಾತ್ರೆಗೆ ಬಂದಾಗ ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡರು. ಅವರಿಂದ ವಿಷಯ ತಿಳಿದು ಸೊಲ್ಲಾಪುರದ ಶೇಠ್ ಹೀರಾಚಂದ ನೇಮಚಂದರು ತಾವೂ ಬಂದು ನೋಡಿದರು. ಆ ಹಳೆಯ ಲಿಪಿಯನ್ನು ಓದಬಲ್ಲವರು ಆಗ ಎಷ್ಟು ಮಂದಿ? ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಬಿಟ್ಟರೆ ಇಲ್ಲವೆಂಬಷ್ಟು ವಿರಳ. ಹಲವು ವರ್ಷಗಳ ಪತ್ರವ್ಯವಹಾರ, ಚಂದಾಸಂಗ್ರಹ, ಮನವೊಲಿಕೆಗಳಾದ ಮೇಲೆ 1896ರಲ್ಲಿ ಪ್ರತಿ ಮಾಡುವ ಕೆಲಸ ಮೊದಲಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳೂ ಅವರಿಗೆ ಸಹಾಯಕರಾಗಿ ಮಿರಜದ ಗಜಪತಿ ಉಪಾಧ್ಯಾಯರೂ ಕುಳಿತರು. ಶಾಸ್ತ್ರಿಗಳು ಬಹಳ ಕಾಲ ಬದುಕಲಿಲ್ಲ. ಭಾರವೆಲ್ಲ ಗಜಪತಿಯವರ ಮೇಲೆ ಬಿತ್ತು.

ಅವರು ಹದಿನಾರು ವರ್ಷ ಬರೆದರು. ಧವಲಾ, ಜಯಧವಲಾಗಳೆರಡನ್ನೂ ನಾಗರಿ ಲಿಪಿಗೆ ಇಳಿಸಿದರು. ಲೆಕ್ಕಹಾಕಿ ನೋಡಿ. ಎರಡೂ ಸೇರಿ 1,32,000 ಗ್ರಂಥ; ಅಂದರೆ 42,24,000 ಅಕ್ಷರ. ದಿನಕ್ಕೆ ನೂರು ಗ್ರಂಥದಂತೆ ಬರೆದರೆ 1,320 ದಿನ, ಹೆಚ್ಚೆಂದರೆ ನಾಲ್ಕು ವರ್ಷದ ಕೆಲಸ. ಉಳಿದ ಹನ್ನೆರಡು ವರ್ಷಗಳ ತೊಡಕು ಎಂಥದೆಂಬುದನ್ನು ಲಿಪಿಯ ಕಡೆ ನೋಡಿದವರು ಊಹಿಸಬಲ್ಲರು. ಭಾಷೆ ಪ್ರಾಕೃತ ಸಂಸ್ಕೃತಗಳ ಮಿಶ್ರಣ, ಲಿಪಿ ಹಳಗನ್ನಡ. ಅಕ್ಷರದ ಪಕ್ಕದ ಸೊನ್ನೆ ಒಂದು ಕಡೆ ಅನುಸ್ವಾರ, ಇನ್ನೊಂದು ಕಡೆ ಮುಂದಿನ ವ್ಯಂಜನಕ್ಕೆ ಒತ್ತು ಉಂಟೆಂಬ ಗುರುತು. ಯಾವುದು ಯಾವುದೆಂದು ಅರ್ಥ ತಿಳಿದೇ ನಿರ್ಧರಿಸಬೇಕು. ಅರ್ಥವೋ ಕರ್ಮಸಿದ್ಧಾಂತದ ಗಣಿತ. ಓಲೆಯ ಅಂಚು ಮುಟ್ಟಿದರೆ ಪುಡಿಯಾಗುವ ಹೆದರಿಕೆ ಬೇರೆ. ಇದರ ಜೊತೆಯಲ್ಲಿಯೇ ದೇವರಾಜ ಸೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ ಎಂಬವರು ಹೊಸ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿದರು. ಮಹಾಬಂಧವನ್ನು ಕನ್ನಡಕ್ಕೆ ಇಳಿಸಿದ ನೇಮಿರಾಜ ಸೆಟ್ಟಿಯವರು 1918ರಲ್ಲಿ ಮುಗಿಸಿದರು. ಲೋಕನಾಥ ಶಾಸ್ತ್ರಿಗಳು ಅದರ ನಾಗರಿ ಪ್ರತಿಯನ್ನು 1922ರಲ್ಲಿ ಪೂರ್ಣಮಾಡಿದರು. ಒಟ್ಟು ಇಪ್ಪತ್ತಾರು ವರ್ಷ; ಖರ್ಚು ಸುಮಾರು ಇಪ್ಪತ್ತು ಸಾವಿರ ರೂಪಾಯಿ.

ಆದರೆ ಕೆಲಸಕ್ಕೊಂದು ಕಟ್ಟಳೆ ಇತ್ತು. ಪ್ರತಿಗಳು ಮೂಡುಬಿದಿರೆಯನ್ನು ಬಿಟ್ಟು ಹೊರಗೆ ಹೋಗಕೂಡದು. ಊರವರ ದೃಷ್ಟಿಯಲ್ಲಿ ಇದು ಸಹಜವೇ. ಆ ಓಲೆಗಳಿಂದ ಆ ಕ್ಷೇತ್ರದ ಮಾನ. ಅವುಗಳ ದರ್ಶನಕ್ಕಾಗಿ ದೂರದೂರದಿಂದ ಜನ ಬರುವುದು. ಜೀರ್ಣವಾದರೆ ಇನ್ನೊಂದು ಪ್ರತಿ ಇರಲಿ ಎಂಬಷ್ಟಕ್ಕೆ ಅವರ ಒಪ್ಪಿಗೆ. ಊರೂರಿಗೆ ಹಂಚಲಿಕ್ಕೆ ಅಲ್ಲ.

ಇಲ್ಲಿ ನಮ್ಮ ಕಥೆಯ ಮುಖ್ಯ ಘಟನೆ ಬರುತ್ತದೆ. ಬಸದಿಗಾಗಿ ನಾಗರಿಯಲ್ಲಿ ಬರೆಯುತ್ತಿದ್ದ ಗಜಪತಿ ಉಪಾಧ್ಯಾಯರು, ಅದೇ ಕಾಲದಲ್ಲಿ ಯಾರಿಗೂ ತಿಳಿಯದಂತೆ, ತಮ್ಮ ವಿದುಷಿಯಾದ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಮಾಡಿದರು. ಆ ಮನೆಯ ದೀಪದ ಎಣ್ಣೆಯ ಖರ್ಚನ್ನು ಯಾವ ನಿಧಿಯೂ ಕೊಡಲಿಲ್ಲ. ಬಸದಿಯ ಕೆಲಸ ಮುಗಿದ ಮೇಲೆ ಅವರು ಈ ಪ್ರತಿಯನ್ನು ಮಾರಲು ಹೊರಟರು. ಮೊದಲು ಹೋದುದು ಹೀರಾಚಂದ ನೇಮಚಂದರಲ್ಲಿಗೆ. ಗ್ರಂಥೋದ್ಧಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಆ ಮನುಷ್ಯ, ತಾನು ಬಯಸಿದ ವಸ್ತು ಮನೆಬಾಗಿಲಿಗೆ ಬಂದು ನಿಂತಾಗ, ಮಾತಿಗೆ ತಪ್ಪಿ ತಂದ ಪುಸ್ತಕ ತನಗೆ ಬೇಡವೆಂದು ಹಿಂದಕ್ಕೆ ಕಳುಹಿಸಿದರು. ಕಡೆಗೆ 1915ರಲ್ಲಿ ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರು ಹಣ ಕೊಟ್ಟು ಕೊಂಡು ತಮ್ಮ ದೇವಾಲಯದಲ್ಲಿಟ್ಟರು. ಎಂಟು ನೂರು ವರ್ಷ ಒಂದೇ ಕಡೆ ಕೂಡಿಟ್ಟ ಗ್ರಂಥ ಹೀಗೆ ಕನ್ನಡ ಅಕ್ಷರಗಳಲ್ಲಿಯೇ ಗಂಗೆಯಮುನೆಗಳ ನಡುವಣ ಸೀಮೆಗೆ ಹೋಯಿತು.

ಅಲ್ಲಿ ಕನ್ನಡ ಬಲ್ಲವರಾರು? 1916ರಿಂದ 1923ರ ವರೆಗೆ ವಿಜಯಚಂದ್ರಯ್ಯ ಎಂಬವರು ಕನ್ನಡ ಪ್ರತಿಯನ್ನು ಓದಿಹೇಳುತ್ತ, ಸೀತಾರಾಮ ಶಾಸ್ತ್ರಿ ಎಂಬವರು ನಾಗರಿಯಲ್ಲಿ ಬರೆದುಕೊಳ್ಳುತ್ತ ಹೋದರು. ಈ ಸೀತಾರಾಮ ಶಾಸ್ತ್ರಿಗಳೂ ಗಜಪತಿಯವರ ದಾರಿಯನ್ನೇ ಹಿಡಿದರು. ಒಡೆಯರಿಗೆ ಒಂದು ಪ್ರತಿ ಬರೆದುಕೊಟ್ಟು, ತಮಗೊಂದನ್ನು ಇಟ್ಟುಕೊಂಡರು! ಆ ಪ್ರತಿಯಿಂದ ಪ್ರತಿಗಳು ಹುಟ್ಟಿ ಆರಾ, ಕಾರಂಜಾ, ಅಮರಾವತಿ ಮುಂತಾದ ಕಡೆಗಳಿಗೆ ಹರಡಿದವು. ಅವುಗಳ ಆಧಾರದ ಮೇಲೆ ಅಮರಾವತಿಯಲ್ಲಿ ಪ್ರಾಧ್ಯಾಪಕರಾಗಿದ್ದ ಹೀರಾಲಾಲ ಜೈನರು, ಬೆಳಗಾವಿ ಸೀಮೆಯ ಸದಲಗದವರಾದ ಆ. ನೇ. ಉಪಾಧ್ಯೆಯವರಂಥ ವಿದ್ವಾಂಸರ ನೆರವು ಪಡೆದು, ಧವಲಾದ ಮೊದಲ ಸಂಪುಟವನ್ನು 1939ರಲ್ಲಿ ಅಚ್ಚುಹಾಕಿಸಿದರು. ಇಪ್ಪತ್ತು ವರ್ಷಗಳಲ್ಲಿ ಹದಿನಾರು ಸಂಪುಟಗಳು ಪೂರ್ಣವಾದವು.

ಗುಟ್ಟಾಗಿ ಮಾಡಿದ ಪ್ರತಿಯ ಗುಟ್ಟಿನ ಪ್ರತಿ, ಅದರಿಂದ ಅಚ್ಚು. ಹೀಗಿರುವಾಗ ಪಾಠಶುದ್ಧಿಯ ಗತಿ ಏನು? ಒಂದು ಉದಾಹರಣೆ ಸಾಕು. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ಮಾನುಷಿಯರಿಗೆ, ಎಂದರೆ ಸ್ತ್ರೀಯರಿಗೆ, ಯಾವ ಯಾವ ಗುಣಸ್ಥಾನಗಳು ಸಲ್ಲುತ್ತವೆ ಎಂಬ ವಿಚಾರ ಬರುತ್ತದೆ. ಅಲ್ಲಿ ‘ಸಂಜದಾಸಂಜದ’ ಎಂಬ ಪದದ ಬಳಿಯಲ್ಲಿ ‘ಸಂಜದ’ ಎಂಬ ಇನ್ನೊಂದು ಪದ ಇರಬೇಕಾಗಿತ್ತೆಂದು ಸಂಪಾದಕರಿಗೆ ಟೀಕೆಯನ್ನು ನೋಡಿ ಹೊಳೆಯಿತು; ಕೈಯಲ್ಲಿದ್ದ ಪ್ರತಿಗಳಲ್ಲಿ ಇರಲಿಲ್ಲ. ಅಡಿಟಿಪ್ಪಣಿಯಲ್ಲಿ ಹಾಗೆಂದು ಸೂಚಿಸಿದರು. ಸಂಜದವೆಂದರೆ ಸಂಯತ, ಪೂರ್ಣವ್ರತದ ಸ್ಥಿತಿ. ಆ ಒಂದು ಪದ ಇದ್ದರೆ ಸ್ತ್ರೀಗೆ ಮುನಿಪದವಿಯ ಎತ್ತರವೂ ಅದರಾಚೆಯ ಮೋಕ್ಷವೂ ಉಂಟೆಂದು ಹೇಳಲು ಎಡೆಯಾಗುತ್ತದೆ, ಇಲ್ಲದಿದ್ದರೆ ಇಲ್ಲ. ದಿಗಂಬರ ಪಂಡಿತಲೋಕದಲ್ಲಿ 1940ರ ದಶಕದಲ್ಲಿ ದೊಡ್ಡ ವಾದವೇ ಎದ್ದಿತು. ಅಷ್ಟರಲ್ಲಿ ಮೂಡುಬಿದಿರೆಯವರ ಮನಸ್ಸೂ ಬದಲಾಗಿತ್ತು. ಅಚ್ಚಾದ ಸಂಪುಟಗಳನ್ನು ಕಂಡು ಭಟ್ಟಾರಕರೂ ಪಂಚರೂ ಮೂಲದೊಡನೆ ಹೋಲಿಸಲು ಅನುಮತಿ ಕೊಟ್ಟಿದ್ದರು. ಓಲೆಯನ್ನು ತೆಗೆದು ನೋಡಿದರೆ ಸಂಜದ ಎಂಬ ಪದ ಅಲ್ಲಿ ಇತ್ತು. ಅದರ ಅರ್ಥವನ್ನು ಹೇಗೆ ಹಿಡಿಯಬೇಕು, ದೇಹದ ಸ್ತ್ರೀತ್ವವೋ ಭಾವದ ಸ್ತ್ರೀತ್ವವೋ ಎಂಬ ಚರ್ಚೆ ಆಮೇಲೆಯೂ ನಿಲ್ಲಲಿಲ್ಲ. ಪದ ಇತ್ತೆಂಬುದು ಮಾತ್ರ ನಿಶ್ಚಯವಾಯಿತು.

ಆ ಪದ ಬಿಟ್ಟುಹೋದುದು ಹೇಗೆ? ಲಿಪಿಕಾರರ ವೃತ್ತಿಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಒಂದೇ ಬಗೆಯ ಧ್ವನಿ ಹತ್ತಿರ ಹತ್ತಿರ ಎರಡು ಮೂರು ಸಲ ಬಂದರೆ ಕಣ್ಣು ಒಂದನ್ನು ಹಾರುತ್ತದೆ. ಓದುವವನ ನಾಲಗೆ ಹಾರಬಹುದು, ಬರೆಯುವವನ ಕೈ ಹಾರಬಹುದು. ಅಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಆದರೆ ದಣಿದ ಕಣ್ಣಿನ ಒಂದು ಕ್ಷಣದ ಜಾರುವಿಕೆಯಿಂದ ಅರ್ಧ ಮಾನವಕುಲದ ಮೋಕ್ಷವೇ ವಿವಾದಕ್ಕೆ ಸಿಕ್ಕಿತು. ಕೂಲಿಗಾಗಿ ಅಕ್ಷರ ಬರೆಯುವವನ ಕೈಯಲ್ಲಿ ಎಂಥ ಪಣ ಇತ್ತೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವನ್ನು ನಾನು ಕಾಣೆ.

ಹಾಗಾದರೆ ಗಜಪತಿ ಉಪಾಧ್ಯಾಯರನ್ನು ಏನೆಂದು ಕರೆಯೋಣ? ಕಳ್ಳನೆನ್ನೋಣವೆ? ಅವರು ಮೂಲವನ್ನು ಕದಿಯಲಿಲ್ಲ. ಒಂದು ಓಲೆಯೂ ಕಡಿಮೆಯಾಗಲಿಲ್ಲ. ಆದರೂ ನಂಬಿಕೆಯಿಂದ ಒಳಗೆ ಬಿಟ್ಟವರ ಮಾತನ್ನು ಮುರಿದರು, ಅದಕ್ಕೆ ಹಣವನ್ನೂ ಪಡೆದರು. ಉದ್ಧಾರಕನೆನ್ನೋಣವೆ? ಅವರಿಲ್ಲದಿದ್ದರೆ 1939ರಲ್ಲಿ ಆ ಮುದ್ರಣವಿಲ್ಲ. ಮುದ್ರಣವಿಲ್ಲದಿದ್ದರೆ ಮೂಡುಬಿದಿರೆಯ ಬಾಗಿಲು ಅಷ್ಟು ಬೇಗ ತೆರೆಯುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಮೂವರೂ ಗೌರವಕ್ಕೆ ಪಾತ್ರರು: ಹೊರಗೆ ಬಿಡೆವೆಂದು ಕಾದವರು, ಕದ್ದ ಮಾಲು ಬೇಡವೆಂದ ಹೀರಾಚಂದರು, ಮಾತು ಮುರಿದು ಗ್ರಂಥವನ್ನು ಹೊರಗೆ ತಂದ ದಂಪತಿಗಳು. ಮೂವರ ಧರ್ಮವೂ ಒಂದಕ್ಕೊಂದು ವಿರುದ್ಧ. ಅವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಗ್ರಂಥದ ಕಥೆ ಬೇರೆಯಾಗುತ್ತಿತ್ತು. ನನ್ನ ಕೊರಗು ಇನ್ನೊಂದು. ಹದಿನಾರು ವರ್ಷ ಕಣ್ಣು ಸವೆಸಿದವನಿಗೆ ಆ ವಿದ್ಯೆಯಿಂದ ಗೌರವದ ಬಾಳು ಸಿಕ್ಕಿದ್ದರೆ, ತನ್ನ ಕೈಬರಹವನ್ನು ಹೊತ್ತುಕೊಂಡು ಮನೆಯಿಂದ ಮನೆಗೆ ಗಿರಾಕಿ ಹುಡುಕುತ್ತ ಹೋಗುತ್ತಿದ್ದನೆ? ಲಕ್ಷ್ಮೀಬಾಯಿಯವರಿಗಂತೂ ಕೂಲಿಯೂ ಇಲ್ಲ, ಪ್ರಶಸ್ತಿಯೂ ಇಲ್ಲ. ಬರೆಸಿದ ದೇಮಿಯಕ್ಕನ ಹೆಸರು ಓಲೆಯಲ್ಲಿ ನಿಂತಿತು. ಬರೆದ ಲಕ್ಷ್ಮೀಬಾಯಿಯ ಹೆಸರು ಸಂಪಾದಕರ ಮುನ್ನುಡಿಯ ಒಂದು ಮಾತಿನಲ್ಲಿ ಉಳಿಯಿತು.

ಮೂಡುಬಿದಿರೆಯಲ್ಲಿ ಈ ಬರವಣಿಗೆ ನಡೆಯುವ ಕಾಲಕ್ಕೆ ಹತ್ತಿರದ ಮಂಗಳೂರಿನಲ್ಲಿ ಅಚ್ಚುಕೂಟ ಹಳೆಯದಾಗಿತ್ತು. ಬಾಸೆಲ್ ಮಿಶನ್ನಿನವರು 1841ರಲ್ಲಿ ಕಲ್ಲಚ್ಚನ್ನು ಹೂಡಿದ್ದರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರ ಸಮಾಚಾರವನ್ನು ತೊಡಗಿದ್ದರು. ಆಮೇಲೆ ಅವರು ಕಾಸಮೈಜರ್ ಎಂಬ ಅಧಿಕಾರಿಯ ಹಣದ ನೆರವಿನಿಂದ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕಲ್ಲಚ್ಚಿಗೆ ಮೊಳೆಗಳ ಜೋಡಣೆ ಇಲ್ಲ. ಯಾರೋ ಒಬ್ಬರು ಅಂದವಾದ ಕೈಬರಹದಲ್ಲಿ ಪುಟವನ್ನು ಬರೆದುಕೊಟ್ಟರೆ ಅದೇ ಕಲ್ಲಿಗೆ ಇಳಿದು ಪ್ರತಿಯಾಗುತ್ತದೆ. ಆದುದರಿಂದ ಯಂತ್ರ ಬಂದ ಕೂಡಲೆ ಲಿಪಿಕಾರ ಕೆಲಸ ಕಳೆದುಕೊಂಡನೆಂದು ತಿಳಿಯಬಾರದು. ಮೊದಲು ಯಂತ್ರ ಅವನನ್ನೇ ಬಾಡಿಗೆಗೆ ಹಿಡಿಯಿತು. ಸೀಸದ ಮೊಳೆಗಳು ಬಲವಾದ ಮೇಲೆ ಅವನನ್ನು ಬಿಟ್ಟಿತು.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ತಲೆಮಾರಿಗೆ ಬರುವಾಗ ಪುಸ್ತಕವೆಂದರೆ ಶಾಲೆಯ ಮಕ್ಕಳ ಚೀಲದಲ್ಲಿರುವ, ಕೆಲವೇ ಆಣೆಗೆ ಸಿಗುವ ವಸ್ತು. ನೋಂಪಿಗೆ ಬರೆಸಿ ಮುನಿಗೆ ಅರ್ಪಿಸುವ ಪುಸ್ತಕ ಹೋಗಿ, ಮಗು ಹರಿದರೆ ಇನ್ನೊಂದನ್ನು ಕೊಳ್ಳುವ ಪುಸ್ತಕ ಬಂದಿತು. ಮಕ್ಕಳಿಗಾಗಿ ಪದ್ಯ ಕಥೆಗಳನ್ನು ಬರೆದ ಪಂಜೆಯವರ ಕೀರ್ತಿ ಮನೆಮನೆಗೆ ಹಬ್ಬುವುದಕ್ಕೆ ಈ ಅಗ್ಗತನವೂ ಒಂದು ಕಾರಣ. ಇದು ಲಾಭವೇ. ಆದರೆ ಅಚ್ಚುಕೂಟ ಒಪ್ಪಿದುದು ಉಳಿಯಿತು. ಉಳಿದ ಸಾವಿರಾರು ಓಲೆಗಳು ಅಟ್ಟದ ಮೇಲೆ ಬಿದ್ದುಕೊಂಡವು. ಅವು ಎಷ್ಟಿವೆ, ಏನೇನಿವೆ ಎಂಬುದನ್ನಾದರೂ ಲೋಕ ತಿಳಿಯಬೇಕೆಂದು ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ, ಕಾರ್ಕಳ ಮೊದಲಾದ ಕಡೆಗಳ ಭಂಡಾರಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂದಿತು. ಪುಸ್ತಕಗಳ ಪಟ್ಟಿ ಮಾಡುವುದೂ ಪುಸ್ತಕ ಮಾಡುವ ಕೆಲಸದ ಒಂದು ಅಂಗವೇ.

ಬೆಳ್ತಂಗಡಿಯ ಕಡೆಗೂ ಒಮ್ಮೆ ನೋಡಬೇಕು. ಆ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರ ದಶಂಬರದಲ್ಲಿ ಸಿರಿ ಪಾಡ್ದನವನ್ನು ಹಾಡಿದರು. ಫಿನ್ಲೆಂಡಿನ ಲೌರಿ ಹೊಂಕೊ, ಅವರ ಪತ್ನಿ ಅನ್ನೆಲಿ ಹೊಂಕೊ, ನಮ್ಮ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ಅದನ್ನು ದಾಖಲಿಸಿ, ಬರಹಕ್ಕಿಳಿಸಿ, 1998ರಲ್ಲಿ ಹೆಲ್ಸಿಂಕಿಯಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. 15,683 ಸಾಲು. ಹಾಡಿದವರ ಕೈಯಲ್ಲಿ ಓಲೆಯಿರಲಿಲ್ಲ, ಕಾಗದವಿರಲಿಲ್ಲ. ಗ್ರಂಥ ಇದ್ದುದು ನಾಲಗೆಯಲ್ಲಿ. ಧರಸೇನಾಚಾರ್ಯರ ಗುಹೆಯಲ್ಲಿ ನಡೆದುದು ಇಂಥದೇ ಕೆಲಸ. ಬಾಯಿಯಲ್ಲಿದ್ದುದು ತನ್ನೊಂದಿಗೆ ಅಳಿಯಬಾರದೆಂದು ಇನ್ನೊಬ್ಬರ ಕೈಗೆ ಒಪ್ಪಿಸುವುದು. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಸಿರಿಯ ಸಂಪುಟಗಳಲ್ಲಿ ಹಾಡಿದವರ ಹೆಸರಿದೆ, ಬರೆದುಕೊಂಡವರ ಹೆಸರೂ ಇದೆ. ಸಾವಿರ ವರ್ಷದ ಮೇಲೆ ಪುಸ್ತಕ ಮಾಡುವವರಿಗೆ ಮುಖಪುಟದಲ್ಲಿ ಸ್ಥಾನ ಸಿಕ್ಕಿತು.

ಇಂದು ಓಲೆಗಳ ಛಾಯಾಚಿತ್ರ ತೆಗೆದಿಡುವ ಉಪಾಯಗಳು ಬಂದಿವೆ. 2003ರಲ್ಲಿ ಭಾರತ ಸರಕಾರ ಹಸ್ತಪ್ರತಿಗಳಿಗಾಗಿಯೇ ಒಂದು ರಾಷ್ಟ್ರೀಯ ಯೋಜನೆಯನ್ನು ತೊಡಗಿತು. ಯಂತ್ರ ಮಾಡಿದ ಪ್ರತಿಯಲ್ಲಿ ಕಣ್ಣು ಪದವನ್ನು ಹಾರುವ ಭಯವಿಲ್ಲ. ಆದರೆ ಚಿತ್ರ ತೆಗೆದಷ್ಟರಿಂದ ಓದು ಬರುವುದಿಲ್ಲ. ಆ ಸೊನ್ನೆ ಅನುಸ್ವಾರವೋ ಒತ್ತೋ ಎಂದು ಹೇಳಬಲ್ಲ ಮನುಷ್ಯ ಬೇಕೇ ಬೇಕು. 1883ರಲ್ಲಿ ಅಂಥವರನ್ನು ಹುಡುಕಿ ಶ್ರವಣಬೆಳಗೊಳಕ್ಕೆ ಹೋಗಬೇಕಾಯಿತು. ಹಳೆಯ ಲಿಪಿಯನ್ನು ಕಲಿತರೆ ಹೊಟ್ಟೆ ತುಂಬುವುದೆ ಎಂದು ಇಂದು ಕೇಳುವ ತರುಣನಿಗೆ ನಾವು ಏನು ಉತ್ತರ ಕೊಡುತ್ತೇವೆ ಎಂಬುದರ ಮೇಲೆ ಉಳಿದ ಓಲೆಗಳ ಭವಿಷ್ಯ ನಿಂತಿದೆ. ಗಜಪತಿ ಉಪಾಧ್ಯಾಯರಿಗೆ ನಮ್ಮ ಹಿರಿಯರು ಕೊಟ್ಟ ಉತ್ತರ ಸಾಲದಾಗಿತ್ತು.

ಜ್ಯೇಷ್ಠ ಶುದ್ಧ ಪಂಚಮಿಯ ದಿನ ಬಸದಿಗಳಲ್ಲಿ ಗ್ರಂಥಪೂಜೆ ನಡೆಯುತ್ತದೆ. ರಚಿಸಿದ ಆಚಾರ್ಯರನ್ನು ಆಗ ಸ್ಮರಿಸುವುದು ಯೋಗ್ಯವೇ. ಆ ಸಾಲಿನ ಕೊನೆಗೆ ಬ್ರಹ್ಮಸೂರಿ ಶಾಸ್ತ್ರಿ, ದೇವರಾಜ ಸೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ, ನೇಮಿರಾಜ ಸೆಟ್ಟಿ, ಲೋಕನಾಥ ಶಾಸ್ತ್ರಿ, ಗಜಪತಿ ಉಪಾಧ್ಯಾಯ, ಲಕ್ಷ್ಮೀಬಾಯಿ ಎಂಬ ಈ ಎಂಟು ಹೆಸರುಗಳನ್ನೂ ಸೇರಿಸಿಕೊಂಡರೆ ಪೂಜೆಗೆ ಊನವೇನೂ ಬರಲಾರದೆಂದು ನನ್ನ ನಂಬಿಕೆ.